ಕೊಂಬು ಊದುವ ಮೊದಲು

ನಮ್ಮ ಊರಿನ ಗೋಡೆಯಲ್ಲಿ ಅರವತ್ತೈದು ಸಾವಿರಕ್ಕೂ ಮೇಲೆ ಬಾಗಿಲುಗಳಿವೆ. ಆನೆ ಹಾಯುವಂಥವು ನಾಲ್ಕು, ಗಾಡಿ ಹಾಯುವಂಥವು ಒಂದಷ್ಟು. ಮಿಕ್ಕವು ಬೆಕ್ಕು ಹಾಯುವಂಥವು, ಒಂದು ಕೈ ತೂರುವಂಥವು, ಬರೀ ಪಿಸುಮಾತು ತೂರುವಂಥವು. ಇಷ್ಟೊಂದು ಯಾಕೆ ಎಂದು ಕೇಳಿದರೆ, ಗೋಡೆ ಕಟ್ಟಿದವರು ಬಾಗಿಲು ಇಡುತ್ತಾ ಹೋದರು, ಸಾಕು ಅನ್ನುವವರು ಯಾರೂ ಇರಲಿಲ್ಲ ಎನ್ನುತ್ತಾರೆ. ನಮಗೆ ಬೇಕಾದದ್ದು ಹತ್ತೋ ಹನ್ನೆರಡೋ. ಉಳಿದವು ಮುಚ್ಚಿಕೊಂಡಿರುವಂತೆ ನೋಡಿಕೊಳ್ಳುವುದೇ ಊರಿನ ಕೆಲಸ.

ಸಂಜೆ ಗೋಡೆಯ ನೆರಳು ಬಾವಿಕಟ್ಟೆ ಮುಟ್ಟಿದಾಗ ನಗಾರಿ ಮೂರು ಸಲ ಬಡಿಯುತ್ತದೆ. ಮೂರನೆಯ ಪೆಟ್ಟಿಗೆ ಊರೆಲ್ಲ ಮಲಗುತ್ತದೆ. ಜಗಳ ಆಡುತ್ತಿದ್ದವರು ಜಗಳದ ನಡುವೆಯೇ ಮಲಗುತ್ತಾರೆ. ಆಗ ಹೊರಗಿನ ದಾರಿಗಳು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ದೂರ ಸರಿಯುತ್ತವೆ. ದಾರಿಯ ಮೇಲೆ ಯಾರಾದರೂ ಇದ್ದರೆ ಅವರನ್ನೂ ಸುತ್ತಿಕೊಂಡೇ ಹೋಗುತ್ತವೆ. ದಾರಿ ಹಿಡಿದು ಬಂದ ಪರ ಊರಿನವರು ಒಳಗೆ ಉಳಿದುಬಿಟ್ಟಿದ್ದರೆ ಅವರನ್ನೂ ಎಳೆದುಕೊಂಡು ಹೋಗುತ್ತವೆ. ಹಾಗೆ ಹೋದ ನಮ್ಮವರು ಎಲ್ಲಿಗೆ ಹೋದರು, ಮತ್ತೆ ಬಂದರೋ ಇಲ್ಲವೋ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು.

ಬೆಳಿಗ್ಗೆ ಊರು ಏಳುತ್ತದೆ. ಮನುಷ್ಯರಿಗೆ ನಿನ್ನೆಯದೆಲ್ಲ ನೆನಪಿರುತ್ತದೆ. ಯಾರು ಬೈದರು, ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಎಲ್ಲ. ಬಾಗಿಲುಗಳಿಗೆ ಮಾತ್ರ ಏನೂ ನೆನಪಿರುವುದಿಲ್ಲ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನು ಮರೆತು ಎದ್ದ ಬಾಗಿಲು ತೆರೆದೇ ಇರುತ್ತದೆ. ಅದರದ್ದು ಕೆಟ್ಟ ಬುದ್ಧಿಯಲ್ಲ, ಮರದ ಸ್ವಭಾವ. ಹೇಳುವವರು ಹೇಳದಿದ್ದರೆ ಬಾಗಿಲು ಎಲ್ಲರಿಗೂ ಬಾಗಿಲೇ.

ಆದ್ದರಿಂದ ದಿನಾ ಬೆಳಿಗ್ಗೆ ಬಾಗಿಲುಗಳಿಗೆ ಓದಿ ಹೇಳಬೇಕು. ಊರ ನಡುವೆ ಒಂದು ಕಲ್ಲಿದೆ, ಓದುಗಲ್ಲು ಎನ್ನುತ್ತೇವೆ. ಅದರ ಮೇಲೆ ನಿಂತು ಓದಿದ್ದು ಮರದಿಂದ ಮರಕ್ಕೆ ದಾಟಿ ಗೋಡೆಯನ್ನೆಲ್ಲ ಸುತ್ತುತ್ತದೆ. ಬೆಳಿಗ್ಗೆ ಯಾವ ದನಿ ಮೊದಲು ಓದಿತೋ, ಆ ದಿನವೆಲ್ಲ ಬಾಗಿಲುಗಳು ಆ ದನಿಗೇ ಕಿವಿಗೊಡುತ್ತವೆ. ಅದೂ ಆ ಕಲ್ಲಿನ ಮೇಲಿಂದ ಬಂದರೆ ಮಾತ್ರ. ಓದು ಮುಗಿದ ಮೇಲೆ ದಾರಿಯವನು ಗೋಪುರ ಹತ್ತಿ ಕೊಂಬು ಊದುತ್ತಾನೆ. ಕೊಂಬಿನ ಸದ್ದು ಕೇಳಿ ದಾರಿಗಳು ಎಲ್ಲಿದ್ದವೋ ಅಲ್ಲಿಂದ ಉರುಳಿ ಬಿಚ್ಚಿಕೊಂಡು ಬಂದು ಗೋಡೆಗೆ ತಲೆ ತಾಗಿಸುತ್ತವೆ.

ಮೊದಲು ಓದು, ಆಮೇಲೆ ಕೊಂಬು. ಕ್ರಮ ಇಷ್ಟೇ.

ಓದುವ ಕೆಲಸ ನಮ್ಮ ಮನೆಯದು. ಮೊದಲು ಅಣ್ಣ ಓದುತ್ತಿದ್ದ, ಅವನು ತೀರಿಕೊಂಡ ಮೇಲೆ ಅತ್ತಿಗೆ ಓದಿದರು. ನಾನು ವೀಳ್ಯದೆಲೆಯ ಮಂಡಿ ನೋಡಿಕೊಂಡೆ. ಓದುವುದಕ್ಕೆ ಒಂದು ಕಡತವಿದೆ. ಬಟ್ಟೆಗೆ ಹುಣಸೆಬೀಜದ ಅಂಟೂ ಇದ್ದಿಲಪುಡಿಯೂ ಬಳಿದು ಒಣಗಿಸಿ ಮಡಿಕೆ ಮಾಡಿದ ಕಪ್ಪು ಕಡತ. ಅದರ ಮೇಲೆ ಬಳಪದ ಬಿಳಿ ಅಕ್ಷರ. ಬೇಡವಾದ ಸಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹಗಲು ಬಾಗಿಲಿಗೆ ಬಾಯಿಮಾತಿನಲ್ಲಿ ಹೊಸ ಸಾಲು ಹೇಳಿದರೆ ಅದು ನಗಾರಿಯವರೆಗೆ ಮಾತ್ರ ನಡೆಯುತ್ತದೆ. ನಾಳೆಗೂ ಬೇಕೆಂದರೆ ಕಡತದಲ್ಲಿ ಬರೆದಿಡಬೇಕು. ಕಡತವನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿದವರಿಗೆ ಊರಿಗಿಂತ ಮೊದಲು ಎಚ್ಚರವಾಗುತ್ತದೆ.

ಕಡತದಲ್ಲಿ ಹನ್ನೆರಡು ಮಡಿಕೆ. ಮೊದಲ ಸಾಲು: ಒಳಗಿನಿಂದ ಒಳಕ್ಕೆ ಹೋಗುವುದನ್ನು ತಡೆಯಬೇಡ. ಎರಡನೆಯ ಸಾಲು: ನಮ್ಮವರು ಮಾತಾಡಿಸಿದವನು ಮರುಮಾತು ತಂದರೆ ತಡೆಯಬೇಡ. ಆಮೇಲೆ ಉಪ್ಪಿನ ಗಾಡಿಗೆ ಉಪ್ಪಿನ ಬಾಗಿಲು, ಎಣ್ಣೆಯ ಗಾಡಿಗೆ ಎಣ್ಣೆಯ ಬಾಗಿಲು, ನಮ್ಮ ಎಲೆಹೊರೆಗೆ ಎಲೆಯ ಬಾಗಿಲು, ಹೀಗೆ ಮನೆಮನೆಯ ಬೇಡಿಕೆ. ಕೊನೆಗೆ: ಇಲ್ಲಿ ಹೇಳದ ಎಲ್ಲರನ್ನೂ ತಡೆ. ತಡೆದೆ ಎಂದೂ ಹೇಳಬೇಡ.

ಆ ಕೊನೆಯ ಸಾಲಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಆ ಸದ್ದು ಊರಿನ ಒಂದು ತುದಿಯಲ್ಲಿ ಶುರುವಾಗಿ ಸುತ್ತು ಹಾಕಿ ನಮ್ಮ ಮನೆಯ ಹಿಂದೆ ಬಂದು ನಿಲ್ಲುತ್ತಿತ್ತು. ಅಷ್ಟು ವರ್ಷ ಕೇಳಿದೆ. ಅದನ್ನು ಕೇಳಿದಾಗೆಲ್ಲ ನನ್ನ ತಲೆಯಲ್ಲಿದ್ದದ್ದು ಒಂದೇ: ಇಷ್ಟು ಹೊತ್ತಿಗೆ ಹೊರೆ ಕೂಡುದಾರಿ ತಲುಪಬೇಕಿತ್ತು.

ಕೂಡುದಾರಿ ಎಂದರೆ ಎಲ್ಲ ಊರಿನ ದಾರಿಗಳೂ ಸೇರುವ ಜಾಗ. ಕೊಳ್ಳುವವರು ಅಲ್ಲಿಗೇ ಬರುತ್ತಾರೆ. ಎಲೆ ವ್ಯಾಪಾರದಲ್ಲಿ ಮೊದಲು ಹೋದವನ ಎಲೆ ಹಸಿರು, ಆಮೇಲೆ ಹೋದವನದು ತರಗು. ಎರಡೂ ಒಂದೇ ಬಳ್ಳಿಯದಾದರೂ ಅಷ್ಟೇ. ಬೇರೆ ಊರುಗಳು ಓದು ಗೀದು ಇಲ್ಲದೆ ಎದ್ದ ಕೂಡಲೇ ಕೊಂಬು ಊದುತ್ತಿದ್ದವು. ನನ್ನ ಹೊರೆ ತಲುಪುವಷ್ಟರಲ್ಲಿ ಅಲ್ಲಿ ಒಳ್ಳೆಯ ಗಿರಾಕಿಗಳು ಕೊಂಡು ಮುಗಿಸಿ ಹೋಗಿರುತ್ತಿದ್ದರು.

ಲಗ್ನದ ಕಾಲ ಹತ್ತಿರ ಬಂದಾಗ ನಾನು ಅತ್ತಿಗೆಯ ಹತ್ತಿರ ಮಾತು ತೆಗೆದೆ. ಅವರು ಅಂಗಳದಲ್ಲಿ ಕೂತು ಕಡತದ ಸವೆದ ಅಕ್ಷರಗಳ ಮೇಲೆ ಬಳಪ ತಿದ್ದುತ್ತಿದ್ದರು.

"ಅತ್ತಿಗೆ, ನೀವು ಓದೋಕೆ ಶುರು ಮಾಡಿದ ಕೂಡಲೇ ದಾರಿಯವನು ಕೊಂಬು ಊದಿದರೆ ಏನಾಗುತ್ತೆ?"

"ದಾರಿ ಬರುತ್ತೆ."

"ನೀವು ಓದ್ತಾನೇ ಇರ್ತೀರಲ್ಲ. ದಾರಿ ಬರೋದಕ್ಕೂ ಓದು ಮುಗಿಯೋದಕ್ಕೂ ನಡುವೆ ಎಷ್ಟು ಹೊತ್ತು? ಎರಡು ಎಲೆಗೆ ಸುಣ್ಣ ಹಚ್ಚುವಷ್ಟು."

"ಆ ಎರಡು ಎಲೆ ಹೊತ್ತು ಅರವತ್ತೈದು ಸಾವಿರ ಬಾಗಿಲು ಬಾಯಿ ತೆರೆದುಕೊಂಡು ನಿಂತಿರ್ತವೆ, ಮೈದುನಾ."

"ನಿಂತಿರಲಿ. ಬರೋರು ಯಾರು? ಕಳ್ಳರು ರಾಜಧಾನಿಗೆ ಹೋಗ್ತಾರೆ, ಖಜಾನೆ ಇರೋ ಕಡೆ. ಈ ಎಲೆ ಮಾರೋ ಊರಿಗೆ ಬಂದು ಏನು ಒಯ್ಯುತ್ತಾರೆ, ನಿಮ್ಮ ಉಪ್ಪಿನಕಾಯಿ ಜಾಡಿನಾ?"

ಅತ್ತಿಗೆ ನಕ್ಕರು. "ನನ್ನ ಉಪ್ಪಿನಕಾಯಿ ತಿಂದ ಕಳ್ಳ ಎರಡನೇ ಸಲ ಬರಲ್ಲ ಬಿಡು." ಆಮೇಲೆ ಬಳಪ ಕೆಳಗಿಟ್ಟರು. "ಬರೋನು ಊರು ನೋಡಿ ಬರಲ್ಲ ಕಣೋ. ದಾರಿಯುದ್ದಕ್ಕೂ ಬಾಗಿಲು ತಳ್ಳುತ್ತಾ ನಡೀತಾನೆ. ತೆರೆದದ್ದು ಯಾವುದೋ ಅದೇ ಅವನ ಊರು."

ಮಾತು ನನಗೆ ತಟ್ಟಲಿಲ್ಲ. ನಾನು ಊರ ಹಿರಿಯರ ಹತ್ತಿರ ಹೋದೆ. ಅವರಲ್ಲಿ ಇಬ್ಬರಿಗೆ ಎಣ್ಣೆಯ ಗಾಡಿ, ಒಬ್ಬನಿಗೆ ಉಪ್ಪಿನ ಗಾಡಿ. ಹೆಚ್ಚು ಮಾತು ಬೇಕಾಗಲಿಲ್ಲ. ಓದು ನಿಲ್ಲಿಸುವುದಿಲ್ಲ, ಒಂದು ಸಾಲೂ ಬಿಡುವುದಿಲ್ಲ, ಕೊಂಬು ಮಾತ್ರ ಸ್ವಲ್ಪ ಮೊದಲೇ ಎಂದು ತೀರ್ಮಾನವಾಯಿತು. ಎಲ್ಲವೂ ಇದ್ದ ಹಾಗೇ ಇರುತ್ತದೆ, ಕ್ರಮ ಮಾತ್ರ ಹಿಂದೆ ಮುಂದೆ. ಹಾಗೆ ಹೇಳಿದಾಗ ಯಾರಿಗೂ ಭಯವಾಗಲಿಲ್ಲ.

ದಾರಿಯವನು ಮಾತ್ರ ತಲೆ ಕೆರೆದುಕೊಂಡ. ಕೊಂಬು ಊದುವುದೂ ನಗಾರಿ ಬಡಿಯುವುದೂ ಅವನೇ. "ಯಜಮಾನ್ರೇ, ನಂಗೇನು, ಊದು ಅಂದ್ರೆ ಊದ್ತೀನಿ. ಆದ್ರೆ ಅಮ್ಮಾವ್ರು ಓದು ಮುಗ್ಸಿ ನನ್ನ ಕಡೆ ತಿರುಗಿ ನೋಡೋರು. ಇನ್ಮೇಲೆ ಯಾರ ಮುಖ ನೋಡಿ ಊದ್ಲಿ?"

"ನನ್ನ ಮುಖ ನೋಡು," ಎಂದೆ.

"ಅಷ್ಟು ಬೆಳಿಗ್ಗೆನಾ?" ಎಂದ. ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಹಾಗೇ ಶುರುವಾಯಿತು.

ಹಲವು ದಿನ ಏನೂ ಆಗಲಿಲ್ಲ. ನನ್ನ ಹೊರೆ ಕೂಡುದಾರಿಗೆ ಎಲ್ಲರಿಗಿಂತ ಮೊದಲು ಹೋಯಿತು. ಅತ್ತಿಗೆ ಉಸಿರು ಹಿಡಿದು ಅವಸರದಲ್ಲಿ ಓದುತ್ತಿದ್ದರು. ಕೊಂಬಿನ ಸದ್ದಿನಲ್ಲಿ ಅವರ ದನಿ ಅರ್ಧ ಮುಳುಗುತ್ತಿತ್ತು. ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು, ಸ್ವಲ್ಪ ತಡವಾಗಿ, ಅಷ್ಟೇ. ಅವುಗಳ ಸದ್ದು ಸುತ್ತು ಬಂದು ನಮ್ಮ ಮನೆಯ ಹಿಂದೆ ನಿಲ್ಲುತ್ತಿತ್ತು. ನೋಡಿದಿರಾ ಅತ್ತಿಗೆ ಎಂದೆ. ನೋಡ್ತಾ ಇದೀನಿ ಎಂದರು.

ಒಂದು ಬೆಳಿಗ್ಗೆ ಮಂಡಿಯ ಜಗುಲಿಯ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಕೈಯಲ್ಲಿ ಗಂಟಿಲ್ಲ, ಹೆಗಲ ಮೇಲೆ ವಸ್ತ್ರವಿಲ್ಲ. ಅಷ್ಟು ದೂರ ನಡೆದು ಬಂದವನ ಕಾಲಿಗೆ ಧೂಳಿರಲಿಲ್ಲ.

"ಎಲೆ ಚೆನ್ನಾಗಿದೆಯಾ, ಸಾಹುಕಾರ್ರೇ?" ಎಂದ.

ವ್ಯಾಪಾರಿಯನ್ನು ಯಾರಾದರೂ ಹಾಗೆ ಕೇಳಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. "ಚೆನ್ನಾಗಿಲ್ಲದೆ ಇಡ್ತೀವಾ? ನಿಮಗೆ ಯಾವ ಊರು?" ಎಂದೆ.

ಆ ಒಂದು ಪ್ರಶ್ನೆ ಸಾಕಾಯಿತು. ನಮ್ಮವರು ಮಾತಾಡಿಸಿದವನು ಮರುಮಾತು ತಂದರೆ ತಡೆಯಬೇಡ, ನಾನು ಮಾತಾಡಿಸಿದ್ದೆ. ಆ ಹೊತ್ತಿನಿಂದ ಅವನು ಗೋಡೆಯ ಯಾವ ಬಾಗಿಲಿನಿಂದಲಾದರೂ ಹೋಗಬಹುದಿತ್ತು, ಬರಬಹುದಿತ್ತು. "ಊರು ಹೇಳ್ತೀನಿ, ಒಂದು ನಿಮಿಷ," ಎಂದು ಎದ್ದು ಹೋದ. ಮಧ್ಯಾಹ್ನ ಬಂದು ಇನ್ನೇನೋ ಹೇಳಿದ. ನಾನು ಇನ್ನೇನೋ ಕೇಳಿದೆ. ಅವನ ಯಾವ ಮಾತೂ ಮುಗಿಯುತ್ತಿರಲಿಲ್ಲ. ಪ್ರತಿ ಸಲವೂ ತುದಿಯಲ್ಲಿ ಒಂದು ಉತ್ತರ ಬಾಕಿ ಇಟ್ಟು ಎದ್ದು ಹೋಗುತ್ತಿದ್ದ. ಸಂಜೆ ನಗಾರಿಗೆ ದಾರಿ ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ಬೆಳಿಗ್ಗೆ ಕೊಂಬಿಗೂ ಕೊನೆಯ ಸಾಲಿಗೂ ನಡುವಿನ ಆ ಎರಡು ಎಲೆ ಹೊತ್ತಿನಲ್ಲಿ ಮತ್ತೆ ಜಗುಲಿಯ ಮೇಲೆ ಇರುತ್ತಿದ್ದ.

ಅತ್ತಿಗೆ ಮೂರನೆಯ ದಿನ ಕಂಡರು. "ಅದ್ಯಾರು? ಅವನ ಹೆಸರು ನಾನು ಓದಿಲ್ಲ."

"ನೀವು ಓದೋದಕ್ಕೆ ಮೊದಲೇ ಬಂದಿದ್ದಾನೆ. ಒಳ್ಳೆಯ ಮನುಷ್ಯ, ಕೇಳಿಕೊಂಡು ಕೂರ್ತಾನೆ."

"ಏನು ಕೇಳ್ತಾನೆ?"

"ಎಲೆ ಹೇಗೆ ಮಡಿಸ್ತೀರಿ, ಬಾಳೆಪಟ್ಟೆ ಹೇಗೆ ಸುತ್ತುತೀರಿ, ಮನೇಲಿ ಯಾರಿದ್ದಾರೆ, ಬೆಳಿಗ್ಗೆ ಓದೋರು ಯಾರು, ಹೇಗೆ ಓದ್ತಾರೆ, ಹೀಗೆ."

"ನೀನು ಹೇಳಿದೆ."

"ಕೇಳಿದರೆ ಹೇಳಬಾರದಾ?"

"ಹೇಳಿ ತೋರಿಸಿದೆಯೋ, ಬರೀ ಹೇಳಿದೆಯೋ?"

ನಾನು ಎಲೆ ಎಣಿಸತೊಡಗಿದೆ. ಹಿಂದಿನ ದಿನ ಅವನು ನಗುತ್ತಾ ಕೇಳಿದಾಗ ಅತ್ತಿಗೆಯ ದನಿ ಅಣಕಿಸಿ ಎರಡು ಸಾಲು ಓದಿ ತೋರಿಸಿದ್ದೆ. ಅವನು ಕಣ್ಣು ಮುಚ್ಚಿ ಕೇಳಿದ್ದ. ಇನ್ನೊಂದು ಸಲ ಅಂದಿದ್ದ.

ಊರಲ್ಲಿ ಏನೂ ಕಳುವಾಗಲಿಲ್ಲ. ಅದೇ ನಮ್ಮನ್ನು ಮೈಮರೆಸಿತು. ಎಲೆ ಇದ್ದಷ್ಟೇ ಇತ್ತು, ಪಾತ್ರೆ ಇದ್ದಲ್ಲೇ ಇತ್ತು. ಆದರೆ ಕೂಡುದಾರಿಯಿಂದ ಬಂದ ನಮ್ಮ ಹೊರೆಯಾಳು ಒಂದು ದಿನ ನನ್ನ ಮುಖವನ್ನೇ ನೋಡುತ್ತಾ ನಿಂತ. ಅಲ್ಲಿ ಬೇರೊಬ್ಬ ಎಲೆ ಮಾರುತ್ತಿದ್ದಾನಂತೆ, ಬಾಳೆಪಟ್ಟೆಯನ್ನು ನಮ್ಮ ಹಾಗೇ ಸುತ್ತುತ್ತಾನಂತೆ, ಕೂಗುವುದು ನನ್ನ ದನಿಯಲ್ಲೇ. "ನೀವೇ ಅಂದ್ಕೊಂಡು ಹತ್ರ ಹೋದೆ ಯಜಮಾನ್ರೇ. ತಿರುಗಿ ನೋಡ್ದ. ಮುಖ ಬೇರೆ." ಆ ವಾರವೇ ನೇಕಾರರ ಬೀದಿಯ ಹೆಂಗಸೊಬ್ಬಳು ಗೋಡೆಯಾಚೆಯಿಂದ ತನ್ನದೇ ಜೋಗುಳ ಕೇಳಿದಳು. ಅವಳ ಮಗು ಅವಳ ತೊಡೆಯ ಮೇಲಿತ್ತು. ಹೊರಗಿನ ದನಿ ಜೋಗುಳದ ಕೊನೆಯ ಸಾಲನ್ನು ಹಾಡಲಿಲ್ಲ, ಮಗು ಹೊರಗಿನ ಕಡೆಗೇ ಕತ್ತು ತಿರುಗಿಸಿ ಕಾಯಿತು.

ಹೀಗೆ ಊರಿನ ದನಿಗಳೆಲ್ಲ ಒಂದೊಂದಾಗಿ ಹೊರಗೆ ಕೇಳತೊಡಗಿದವು. ನಮ್ಮದು ನಮ್ಮಲ್ಲೇ ಇತ್ತು. ಅಲ್ಲಿಯೂ ಇತ್ತು.

ಅತ್ತಿಗೆ ನನ್ನೆದುರು ಬಂದು ನಿಂತರು. "ನಾಳೆಯಿಂದ ಮೊದಲಿನ ಹಾಗೇ. ಮೊದಲು ಓದು, ಆಮೇಲೆ ಕೊಂಬು. ಹಿರಿಯರಿಗೆ ನೀನೇ ಹೇಳು. ಹಾಳು ಮಾಡಿದ ಬಾಯಿಂದಲೇ ಹೇಳಿಸಬೇಕು."

"ಹೇಳ್ತೀನಿ ಅತ್ತಿಗೆ. ಈ ಲಗ್ನದ ಕಾಲ ಒಂದು ಮುಗಿದುಹೋಗಲಿ. ಹದಿನೈದೇ ದಿನ."

"ಹದಿನೈದು ದಿನಕ್ಕೆ ಅವನಿಗೆ ಏನು ಬೇಕಾಗಿರುತ್ತೆ ಗೊತ್ತಾ?"

"ಇಷ್ಟು ದಿನ ಏನು ಒಯ್ದ ಹೇಳಿ? ಒಂದು ಎಲೆ ಕಮ್ಮಿಯಾಗಿದೆಯಾ?"

ಅವರು ಒಂದು ಎಲೆ ಎತ್ತಿ ನನ್ನ ಮುಂದಿಟ್ಟರು. "ನೀನು ಮಂಡಿಯಲ್ಲೇ ಬೆಳೆದೆ. ಎತ್ತಿಕೊಂಡು ಹೋದದ್ದು ಮಾತ್ರ ಕಳುವು ಅಂತ ತಿಳಿದಿದ್ದೀಯ," ಎಂದರು. ನಾನು ಹೊರೆ ಕಟ್ಟಿಸುವುದಕ್ಕೆ ಹೋದೆ.

ಅದಾದ ಆರನೆಯ ದಿನ, ಹೊತ್ತು ನೆತ್ತಿಗೆ ಬರುವ ಮುಂಚೆ, ನಾನು ಮಂಡಿಯ ಒಳಗೆ ಎಲೆಗೆ ನೀರು ಚಿಮುಕಿಸುತ್ತಿದ್ದೆ. ಅತ್ತಿಗೆ ಹಿತ್ತಿಲಲ್ಲಿದ್ದರು. ಗೋಡೆಯ ಹೊರಗಿನಿಂದ ನನ್ನ ದನಿ ಕೂಗಿತು. ನಾನೇ ಕೇಳಿದೆ, ನನ್ನ ದನಿಯನ್ನು.

"ಅತ್ತಿಗೆ! ಹೊರೆ ಜಾರಿ ಬಿತ್ತು, ಕಾಲು ಸಿಕ್ಕಿಕೊಂಡಿದೆ! ಸ್ವಲ್ಪ ಬನ್ನಿ!"

ಓದುವವರು ಗೋಡೆ ದಾಟಬಾರದು ಎಂಬುದು ಪದ್ಧತಿ. ಆದರೂ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಓಡಿದರು. ನಾನು ನೀರಿನ ತಂಬಿಗೆ ಹಾಗೇ ಬಿಟ್ಟು, ಅತ್ತಿಗೆ, ನಾನಿಲ್ಲಿದ್ದೀನಿ, ಎಂದು ಕೂಗುತ್ತಾ ಹಿಂದೆ ಓಡಿದೆ. ಒಂದೇ ದನಿ ಎರಡು ಕಡೆಯಿಂದ ಕೂಗಿದರೆ ಯಾರಾದರೂ ನೋವಿನ ಕಡೆಗೇ ಓಡುತ್ತಾರೆ. ನಾನು ಎಲೆಯ ಬಾಗಿಲು ಮುಟ್ಟುವಷ್ಟರಲ್ಲಿ ಅವರು ಆಚೆಗಿದ್ದರು.

ಆಗ ಊರ ನಡುವಿನಿಂದ, ಓದುಗಲ್ಲಿನ ಕಡೆಯಿಂದ, ಅತ್ತಿಗೆಯ ದನಿ ಓದಿತು.

"ಎಲ್ಲ ಸಾಲಿಗಿಂತ ಮೇಲೆ ಇದನ್ನು ಇಟ್ಟುಕೋ. ಈಗ ಹೊರಗೆ ಹೋದ ಹೆಂಗಸನ್ನು ತಡೆ. ಮಾತಾಡಿಸಿದರೂ ತಡೆ, ಮರುಮಾತು ತಂದರೂ ತಡೆ. ತಡೆದೆ ಎಂದೂ ಹೇಳಬೇಡ."

ಬಾಗಿಲು ನನ್ನ ಮೂಗಿನ ಮುಂದೆ ಮುಚ್ಚಿಕೊಂಡಿತು. ಬಾಗಿಲುಗಳು ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತವೆ; ಮೊದಲು ಹೊಂದಿಕೆಯಾದ ಸಾಲಿಗೇ ನಿಲ್ಲುತ್ತವೆ, ಕೆಳಗಿನದನ್ನು ನೋಡುವುದಿಲ್ಲ. ಆ ದಿನ ಬೆಳಿಗ್ಗೆ ಅತ್ತಿಗೆಯ ದನಿ ಓದಿತ್ತು. ಆದ್ದರಿಂದ ನನ್ನ ದನಿಗೆ ಅವು ಕಿವಿಗೊಡುವಂತಿರಲಿಲ್ಲ. ಕಿವಿಗೊಡಬೇಕಾದ ದನಿ ಹೊರಗಿತ್ತು. ಕಲ್ಲಿನ ಮೇಲೆ ಅದೇ ದನಿ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಬಾಗಿಲುಗಳ ಹೆಸರು ಹಿಡಿದು ಕರೆಯುತ್ತಿತ್ತು. ಬೆಕ್ಕಿನ ಬಾಗಿಲು, ತೆರೆ. ಕೈಯ ಬಾಗಿಲು, ತೆರೆ. ಪಿಸುಮಾತಿನ ಬಾಗಿಲು, ತೆರೆ.

ಗೋಡೆಯುದ್ದಕ್ಕೂ ಬಾಗಿಲುಗಳು ತೆರೆಯುತ್ತಾ ಬಂದವು. ಒಂದೊಂದರಿಂದಲೂ ಒಬ್ಬೊಬ್ಬ ಒಳಗೆ ಬಂದ. ಯಾರ ಕೈಯಲ್ಲೂ ಗಂಟಿರಲಿಲ್ಲ, ಯಾರ ಕಾಲಿಗೂ ಧೂಳಿರಲಿಲ್ಲ. ಬಂದವರು ಮನೆಗಳೊಳಗೆ ಹೋಗಿ ಜಗುಲಿಗಳ ಮೇಲೆ ಕೂತರು. ಮನೆಯವರಿಗೆ ಅವರವರ ದನಿಯಲ್ಲೇ, ಹೇಗಿದ್ದೀರಿ, ಎಂದು ಕೇಳಿದರು.

ಬಾಗಿಲ ಆಚೆಯಿಂದ ಅತ್ತಿಗೆ ತಟ್ಟಿದರು. "ಮೈದುನಾ, ಇದ್ದೀಯಾ?"

"ಇದ್ದೀನಿ ಅತ್ತಿಗೆ. ಬಾಗಿಲು ಬಿಡ್ತಾ ಇಲ್ಲ."

"ಕೇಳಿಸ್ಕೊಂಡೆ, ನನ್ನ ದನಿ. ಚೆನ್ನಾಗಿ ಕಲಿತಿದ್ದಾನೆ. ಸಾಲಿನ ನಡುವೆ ನಾನು ಉಸಿರು ತೆಗೆದುಕೊಳ್ಳೋ ಜಾಗವನ್ನೂ ಬಿಟ್ಟಿಲ್ಲ." ಅವರ ದನಿಯಲ್ಲಿ ಏದುಸಿರು ಇತ್ತು. "ಕಡತ ಎಲ್ಲಿದೆ?"

"ಮನೇಲಿ. ನಿಮ್ಮ ಹಾಸಿಗೆ ಮೇಲೆ."

"ಹಾಗಿದ್ರೆ ಇಲ್ಲೇನು ಮಾಡ್ತಾ ನಿಂತಿದ್ದೀಯ? ಅವನು ಮುಂದೆ ಹೋಗೋದು ಅಲ್ಲಿಗೇ. ಇವತ್ತು ಬಾಯಲ್ಲಿ ಹೇಳಿದ್ದು ಇವತ್ತಿಗೆ ಮಾತ್ರ ಅಂತ ಅವನಿಗೂ ಗೊತ್ತು, ನೀನೇ ಹೇಳಿರ್ತೀಯ. ಒದ್ದೆ ಬಟ್ಟೆಯಲ್ಲಿ ಒರೆಸಿ ತನ್ನದು ಬರೆದನೋ, ಆಮೇಲೆ ದಿನಾ ಬೆಳಿಗ್ಗೆ ನಾವೇ ಅವನಿಗೆ ಓದಿ ಬಾಗಿಲು ತೆಗೀಬೇಕು. ಹೋಗಿ ಕಡತ ತಗೋ. ದಾರಿಯವನಿಗೆ ಹೇಳಿ ನಗಾರಿ ಬಡಿಸು."

"ಈಗಲಾ? ನಡುಹಗಲು?"

"ಈಗಲೇ. ಊರು ಮಲಗಿ ಎದ್ದರೆ ಬಾಗಿಲುಗಳು ಅವನು ಹೇಳಿದ್ದನ್ನೆಲ್ಲ ಮರೆಯುತ್ತವೆ. ಬಂದವರನ್ನೆಲ್ಲ ದಾರಿ ಎಳೆದುಕೊಂಡು ಹೋಗುತ್ತೆ. ಎದ್ದು ನೀನು ಮೊದಲು ಓದು. ಪೂರ್ತಿ ಓದಿ ಆಮೇಲೆ ಕೊಂಬು ಊದಿಸು."

"ನೀವು ದಾರಿಯ ಮೇಲಿದ್ದೀರಿ, ಅತ್ತಿಗೆ."

ಅತ್ತಿಗೆ ಅಂಗೈಯಿಂದ ಬಾಗಿಲು ಗುದ್ದಿದರು.

"ನನ್ನ ಬಗ್ಗೆ ಯೋಚನೆ ಮಾಡೋಕೆ ಇವತ್ತೇ ಶುಭದಿನ ಸಿಕ್ತಾ ನಿನಗೆ? ಸಂಜೆವರೆಗೆ ಕಾದರೂ ನಾನು ಇಲ್ಲೇ ಇರ್ತೀನಿ, ಬಾಗಿಲೇ ಬಿಡಲ್ಲವಲ್ಲ. ಆಗ ನಾನೂ ಇಲ್ಲ, ಊರೂ ಇಲ್ಲ. ಲೆಕ್ಕದಲ್ಲಿ ಜಾಣ ಅಂತೀಯಲ್ಲ, ಹೋಗು. ಮತ್ತೆ, ಅವಸರದಲ್ಲಿ ಓದಬೇಡ. ಒಂದೊಂದು ಸಾಲಿಗೂ ಬಾಗಿಲು ತಲೆ ಆಡಿಸೋವರೆಗೆ ನಿಲ್ಲು."

ನಾನು ಓಡಿದೆ. ಓಡುತ್ತಾ ನೋಡಿದೆ, ಬೀದಿಯ ಪ್ರತಿ ಜಗುಲಿಯ ಮೇಲೆ ಇಬ್ಬಿಬ್ಬರು ಕೂತಿದ್ದರು, ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಯಾರು ಕೇಳುತ್ತಿದ್ದಾರೆ, ಯಾರು ಹೇಳುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಮನೆಯೊಳಗೆ ಅತ್ತಿಗೆಯ ಹಾಸಿಗೆಯ ಹತ್ತಿರ ಆ ಧೂಳಿಲ್ಲದ ಕಾಲಿನವನು ಬಗ್ಗಿದ್ದ. ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ನಾನು ಬಿಟ್ಟುಬಂದ ನೀರಿನ ತಂಬಿಗೆ. ಮೊದಲ ಮಡಿಕೆ ಬಿಚ್ಚಿದ್ದ.

"ಬನ್ನಿ ಸಾಹುಕಾರ್ರೇ. ನನ್ನ ಊರು ಯಾವುದು ಅಂತ ಕೇಳಿದ್ರಲ್ಲ, ಹೇಳಿಬಿಡಲಾ?"

ಉತ್ತರ ಬೇಕಿತ್ತು. ಈಗಲೂ ಬೇಕು. ನಾನು ಬಾಯಿ ತೆರೆಯದೆ ಕಡತವನ್ನು ಕಿತ್ತುಕೊಂಡೆ. ಅವನು ತಡೆಯಲೂ ಇಲ್ಲ, ಜಗ್ಗಲೂ ಇಲ್ಲ; ಅವಸರವೇನು ಅನ್ನುವ ಹಾಗೆ ನಕ್ಕ. ನೀರು ನೆಲಕ್ಕೆ ಚೆಲ್ಲಿತು.

ದಾರಿಯವನು ಗೋಪುರದ ಬುಡದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಅವನದೇ ದನಿಯ ಒಬ್ಬ ಏನೋ ಕೇಳುತ್ತಿದ್ದ.

"ನಗಾರಿ ಬಡಿ," ಎಂದೆ.

"ನೆರಳು ಇನ್ನೂ ಬಾವಿ ಮುಟ್ಟಿಲ್ಲ ಯಜಮಾನ್ರೇ. ಅಮ್ಮಾವ್ರು ಎಲ್ಲಿ?"

"ಹೊರಗೆ."

ಅವನು ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಕೋಲು ಎತ್ತಿಕೊಂಡ. "ಈ ಪಾಪದಲ್ಲಿ ನಂಗೆ ಪಾಲು ಕೊಡ್ಬೇಡಿ," ಎಂದು ಮೊದಲ ಪೆಟ್ಟು ಹಾಕಿದ.

ಎರಡನೆಯ ಪೆಟ್ಟಿಗೆ ನಾನು ಕಲ್ಲಿನ ಬುಡದಲ್ಲಿ ಮಲಗಿ ಕಡತವನ್ನು ತಲೆಯ ಕೆಳಗೆ ಇಟ್ಟುಕೊಂಡೆ. ಮೂರನೆಯದು ನನಗೆ ಕೇಳಲಿಲ್ಲ.

ಎಚ್ಚರವಾದಾಗ ಊರು ಇನ್ನೂ ಮಲಗಿತ್ತು. ಜಗುಲಿಗಳ ಮೇಲೆ ಒಬ್ಬೊಬ್ಬರೇ ಇದ್ದರು. ಬಾಗಿಲುಗಳೆಲ್ಲ ತೆರೆದು ನಿಂತಿದ್ದವು, ಅವುಗಳ ಆಚೆ ದಾರಿಯಿರಲಿಲ್ಲ, ಊರಿರಲಿಲ್ಲ, ಬರೀ ಬೆಳಕು ಇತ್ತು. ಎಷ್ಟು ಬಾಗಿಲು ಎಂದು ನನಗೆ ತಿಳಿದದ್ದು ಆಗಲೇ.

ಕಲ್ಲು ಹತ್ತಿ ಓದಿದೆ. ಒಳಗಿನಿಂದ ಒಳಕ್ಕೆ ಹೋಗುವುದನ್ನು ತಡೆಯಬೇಡ. ನಿಂತೆ. ಮರದಿಂದ ಮರಕ್ಕೆ ಒಂದು ಅಲುಗಾಟ ಹೋಗಿ ಸುತ್ತಿ ಬಂತು. ನಮ್ಮವರು ಮಾತಾಡಿಸಿದವನು ಮರುಮಾತು ತಂದರೆ ತಡೆಯಬೇಡ. ನಿಂತೆ. ಈ ಸಾಲನ್ನು ಒರೆಸಿಬಿಡೋಣ ಎಂದು ಬೆರಳು ಹೋಯಿತು. ಒರೆಸಿದರೆ ಕೂಡುದಾರಿಯಲ್ಲಿ ನಾವು ಕೂಗಿದ ಯಾವ ಮಾತಿಗೂ ಜವಾಬು ಒಳಗೆ ಬರುವುದಿಲ್ಲ, ಉಪ್ಪಿನವನನ್ನು ಕರೆಯಲಾಗುವುದಿಲ್ಲ, ವೈದ್ಯನನ್ನು ಕರೆಯಲಾಗುವುದಿಲ್ಲ. ಆ ಸಾಲಿಲ್ಲದೆ ಊರು ಬದುಕುವುದಿಲ್ಲ. ಬಿಟ್ಟೆ. ಹನ್ನೆರಡೂ ಮಡಿಕೆ ಓದಿದೆ. ಇಲ್ಲಿ ಹೇಳದ ಎಲ್ಲರನ್ನೂ ತಡೆ. ಬಾಗಿಲುಗಳು ಮುಚ್ಚಿಕೊಂಡವು. ಆಮೇಲೆ, ಅಷ್ಟರಲ್ಲಿ ಎಚ್ಚೆತ್ತು ಗೋಪುರ ಹತ್ತಿದ್ದ ದಾರಿಯವನ ಕಡೆ ತಿರುಗಿ ನೋಡಿದೆ. ಅವನು ಊದಿದ.

ದಾರಿಗಳು ಬಂದು ಗೋಡೆಗೆ ತಲೆ ತಾಗಿಸಿದವು. ಮಂಡಿಯ ಜಗುಲಿಯ ಮೇಲೆ ಯಾರೂ ಇರಲಿಲ್ಲ.

ಆ ದಿನದಿಂದ ನಾನೇ ಓದುತ್ತೇನೆ. ಮಂಡಿಯ ಹೊರೆ ಕೂಡುದಾರಿಗೆ ಎಲ್ಲರಿಗಿಂತ ಕೊನೆಗೆ ಹೋಗುತ್ತದೆ, ತರಗು ಎಂದು ಅವರು ಮೂಗು ಮುರಿಯುತ್ತಾರೆ. ಮುರಿಯಲಿ. ಒಬ್ಬ ಹಿರಿಯ ಬಂದು, ಈಗೆಲ್ಲ ಸರಿಹೋಗಿದೆಯಲ್ಲ, ಕೊಂಬು ಸ್ವಲ್ಪ ಮೊದಲೇ, ಎಂದ. ಅವನಿಗೆ ಕೂರಲು ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ, ಓದು ಮುಗಿದು ಕೊಂಬು ಊದಿದ ಮೇಲೆ, ಎಲೆಯ ಬಾಗಿಲನ್ನು ಯಾರೋ ತಟ್ಟಿದರು.

"ಮೈದುನಾ," ಎಂದಿತು ಅತ್ತಿಗೆಯ ದನಿ. "ಬಂದೆ ಕಣೋ. ದಾರಿ ಬಿಚ್ಚಿಕೊಂಡಿತು, ನಡೆದು ಬಂದೆ. ಕಾಲೆಲ್ಲ ಹುಣ್ಣು."

ಬಾಗಿಲು ಅಲುಗಲಿಲ್ಲ. ಕಡತದಲ್ಲಿ ಆ ದನಿಗೆ ಸಾಲಿಲ್ಲ. ಸಾಲು ಬರೆಯಬಹುದು, ಆದರೆ ಬಾಗಿಲು ದನಿ ಹಿಡಿದು ಗುರುತಿಸುತ್ತದೆ, ಆ ದನಿ ಈಗ ಎಷ್ಟು ಜನರ ಹತ್ತಿರ ಇದೆಯೋ. ಒಂದು ಪ್ರಶ್ನೆ ಕೇಳಿದರೆ ತಿಳಿದೀತು. ಅಣ್ಣ ಕೊನೆಯ ದಿನ ಏನು ಕೇಳಿ ತಿಂದ, ನನಗೂ ಅವರಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆದರೆ ನಾನು ಕೇಳಿದ ಕೂಡಲೇ ಅದು ನಮ್ಮವರು ಮಾತಾಡಿಸಿದವರ ಸಾಲಿಗೆ ಸೇರುತ್ತದೆ. ಉತ್ತರ ತಪ್ಪಿದ್ದರೂ ಬಾಗಿಲು ಬಿಡುತ್ತದೆ. ಬಾಗಿಲಿಗೆ ಸರಿ ತಪ್ಪು ಗೊತ್ತಿಲ್ಲ, ಮರುಮಾತು ಮಾತ್ರ ಗೊತ್ತು.

ಆದ್ದರಿಂದ ನಾನು ಮಾತಾಡುವುದಿಲ್ಲ. ಆ ಬಾಗಿಲ ಹತ್ತಿರ ಯಾರೂ ಬಾಯಿ ಬಿಡಬಾರದೆಂದು ಬೀದಿಗೆಲ್ಲ ಕಟ್ಟಳೆ ಮಾಡಿದ್ದೇನೆ. ದನಿ ದಿನಾ ಬರುತ್ತದೆ. ಒಮ್ಮೆ ಅಳುತ್ತದೆ, ಒಮ್ಮೆ ಬೈಯುತ್ತದೆ. ಬೈದಾಗ ಅತ್ತಿಗೆಯೇ ಎನಿಸುತ್ತದೆ. ಆದರೆ ಅವರು ಬಾಗಿಲ ಆಚೆ ನಿಂತು ಬೈದ ದಿನ ಹೊರಗೆ ಎಷ್ಟು ಕಿವಿಗಳಿದ್ದವೋ ಬಲ್ಲವರಾರು.

"ಒಂದು ಸಲ ಹೂಂ ಅನ್ನು," ಎನ್ನುತ್ತದೆ. "ಬೇರೇನೂ ಬೇಡ. ಹೂಂ ಅನ್ನು, ಒಳಗಿದ್ದೀಯ ಅಂತ ತಿಳಿದರೆ ಸಾಕು."

ಎಲೆ ಮಾರುವವನು ಎಲೆ ಹಾಕಬಾರದು ಎಂದು ನಾನು ಎಂದೂ ಹಾಕಿದವನಲ್ಲ. ಈಗ ಓದು ಮುಗಿದ ಕೂಡಲೇ ನಾಲ್ಕೈದು ಎಲೆ ಒಟ್ಟಿಗೆ ಮಡಿಸಿ ಬಾಯಿಗೆ ತುರುಕಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ. ದವಡೆ ನೋಯುವವರೆಗೆ ಅಗಿಯುತ್ತೇನೆ. ರಸ ತುಂಬಿದ ಬಾಯಿಂದ ಹೂಂ ಕೂಡ ಹೊರಡುವುದಿಲ್ಲ.